ನಾಲ್ಕು ಗಂಟೆಯ ಗಾಳಿ

"ನಿನ್ನೆ ಹನ್ನೊಂದು ಹೋದವು. ಇನ್ನೂ ಎಷ್ಟು ದಿನ ಕಾಗೆಯ ಮೇಲೆ ಹಾಕಲಿ?"

ಡೈರಿಯಲ್ಲಿ ಇಷ್ಟು ಬರೆದು ಮಂದಾಕಿನಿ ಮಾಳಿಗೆಯ ಮೇಲೆ ಹರವಿದ ಹಪ್ಪಳಗಳನ್ನು ನೋಡಿದಳು. ಬಿ.ಎ. ಮುಗಿಸಿ ಗುಲಬರ್ಗಾದಿಂದ ಕಮಲಾಪುರದ ತೋಟದ ಮನೆಗೆ ಬಂದವಳಿಗೆ ಅವ್ವನ ತಂಗಿ ತುಂಗಾಬಾಯಿ ಮೌಶಿ ಕೊಟ್ಟದ್ದು ಇದೊಂದೇ ಕೆಲಸ: ಹಪ್ಪಳ ಕಾಯುವುದು. ಮಧ್ಯಾಹ್ನ ಮನೆಯವರೆಲ್ಲ ಮಲಗಿರುವಾಗ, ನಾಲ್ಕು ಹೊಡೆಯುತ್ತಲೇ ಗಾಳಿ ತಿರುಗಿ ಎದುರಿನ ಗುಡ್ಡದ ಕಡೆಯಿಂದ ಬೀಸುತ್ತಿತ್ತು. ಒಣಗಿ ಹಗುರಾದ ಹಪ್ಪಳಗಳು ಎದ್ದು ಹಿತ್ತಲಿನ ಹಾಳುಬಾವಿಗೆ ಬೀಳುತ್ತಿದ್ದವು. ಬರೆಯುತ್ತ ಕೂತವಳು ತಲೆ ಎತ್ತುವಷ್ಟರಲ್ಲಿ ಆರೋ ಏಳೋ ಹೋಗಿರುತ್ತಿದ್ದವು. ಮೊದಲ ದಿನ ಹಪ್ಪಳ ಯಾಕೆ ಕಡಿಮೆಯಾದವೆಂದು ಮೌಶಿ ಕೇಳಿದಾಗ, ಹೆದರಿ "ಕಾಗಿ" ಎಂದುಬಿಟ್ಟಿದ್ದಳು.

ಬೈಗುಳಕ್ಕೆ ಕಾದು ನಿಂತರೆ, ಮೌಶಿಯ ಕಣ್ಣು ತುಂಬಿ ಬಂದಿತ್ತು. "ನಮ್ಮ ಅತ್ತಿಯವರೇ ಇರಬೇಕು ಮಂದಾ. ಇದ್ದಾಗ ನನ್ನ ಕೈ ಹಪ್ಪಳ ಒಂದಿನಾ ಛಲೋ ಅನ್ನಲಿಲ್ಲ. ಈಗ ನೋಡು, ಕಾಗಿ ಆಗಿ ಬಂದಾರ!" ಈ ಸುದ್ದಿ ಗುಲಬರ್ಗಾದ ಸ್ಟೇಶನ್ ಬಜಾರದ ನೆಂಟರವರೆಗೂ ಹೋಯಿತು. ಇನ್ನು ನಿಜ ಹೇಳುವುದೆಂದರೆ, ಸತ್ತ ಅತ್ತೆಯನ್ನು ಮನೆಯಿಂದ ಇನ್ನೊಮ್ಮೆ ಕಳಿಸಿದಂತೆ.

ಅಂದು ಮೂರೂವರೆಗೆ ಗುಡ್ಡದ ಒಣ ಹುಲ್ಲಿನಿಂದ ಹೊಗೆ ಎದ್ದಿತು. ಕೂಗಲು ಬಾಯಿ ಬಾರದೆ ಮಂದಾಕಿನಿ ಹಪ್ಪಳದ ತಾಟು ಬಡಿದಳು. ಜನ ಎದ್ದು ಹೊರಗೆ ಬರುವಷ್ಟರಲ್ಲಿ ಬೆಂಕಿ ಮನೆಯ ಕಡೆ ತಿರುಗಿಯೂ ನೋಡದೆ, ಗುಡ್ಡದ ಬುಡದಗುಂಟ ನೆರೆಯ ದೇವೀಂದ್ರಪ್ಪನ ಮೇವಿನ ಬಣವೆಯತ್ತ ಓಡುತ್ತಿತ್ತು.

"ಮನಿಗೇನೂ ಅಂಜಿಕಿ ಇಲ್ಲ, ಗಾಳಿ ಆ ಕಡೆ ಅದ. ಎಲ್ಲಾರೂ ಬಣವಿ ಕಡೆ ನಡೀರಿ!" ಎಂದರು ಮೌಶಿಯ ಗಂಡ ಜಯತೀರ್ಥ ಕಾಕಾ, ಧೋತರ ಎತ್ತಿ ಕಟ್ಟುತ್ತ. ಆಳು ಮಲ್ಲಣ್ಣ ಮತ್ತು ಊರಿನ ಹತ್ತಾರು ಜನ ಹಸಿ ಬೇವಿನ ಟೊಂಗೆ ಹಿಡಿದು ಹೊರಟು ನಿಂತರು.

ಮಂದಾಕಿನಿ ಕಾಕಾನ ಎದುರಿಗೆ ಬಂದು ನಿಂತಳು. ಗಾಳಿಯ ಮಾತು ಹೇಳಿದರೆ ಕಾಗೆಯ ಸುಳ್ಳನ್ನೂ ಹೇಳಬೇಕಿತ್ತು. ಕೊನೆಗೆ ಡೈರಿ ತೆರೆದು ಅವರ ಕೈಗಿಟ್ಟಳು.

"ಬೆಂಕಿ ಹತ್ತಿದಾಗ ಕೂತು ಕವಿತಾ ಓದಲೇನವಾ?" ಎಂದರು ಕಾಕಾ. ಆದರೂ ಓದಿದರು. ಮನಸ್ಸಿನಲ್ಲಿ ಓದಿ ಅವರಿಗೆ ರೂಢಿಯಿರಲಿಲ್ಲ. "'ಸೋಮವಾರ. ನಾಲ್ಕಕ್ಕೆ ಗಾಳಿ ತಿರುಗಿ ಗುಡ್ಡದಿಂದ ಬೀಸಿತು. ಎಂಟು ಹಪ್ಪಳ ಹಾಳುಬಾವಿಗೆ. ಮೌಶಿಗೆ ಕಾಗೆ ಎಂದೆ. ಮಂಗಳವಾರ. ನಾಲ್ಕಕ್ಕೆ ಗಾಳಿ. ಆರು ಹಪ್ಪಳ. ಮೌಶಿಗೆ ಕಾಗೆ ಎಂದೆ. ಕಾಕಾ ಊಟಕ್ಕೆ ಕೂತು ಹಪ್ಪಳ ಕಡಿದು...'" ಇಲ್ಲಿ ಕೆಮ್ಮಿ, ಪುಟ ತಿರುಗಿಸಿಬಿಟ್ಟರು. ಹದಿನೈದು ದಿನವೂ ಅದೇ ನಾಲ್ಕು ಗಂಟೆ, ಅದೇ ಗಾಳಿ, ಅದೇ ಕಾಗೆ.

ಕೊಡ ಹಿಡಿದು ನಿಂತಿದ್ದ ಮೌಶಿಯ ಮುಖವನ್ನು ನೋಡುವ ಧೈರ್ಯ ಮಂದಾಕಿನಿಗೆ ಆಗಲಿಲ್ಲ.

"ಇದು ಖರೇ ಇದ್ರ, ನಾಕಕ್ಕ ಬೆಂಕಿ ಸೀದಾ ಇತ್ತ ಬರತದ್ರಿ ರಾಯರ," ಎಂದ ಮಲ್ಲಣ್ಣ. "ಮಾವಿನ ಗಿಡಾನೂ ಉಳಿಯಂಗಿಲ್ಲ, ಮನೀನೂ ಉಳಿಯಂಗಿಲ್ಲ. ಮುಂದಿನ ಬದುವಿನ ಹುಲ್ಲು ಈಗ ನಾವೇ ಸುಟ್ಟುಬಿಡಬೇಕ್ರಿ. ಅದು ಬಂದಾಗ ತಿನ್ನಾಕ ಏನೂ ಸಿಗಬಾರದು."

"ನಮ್ಮ ಮನಿ ಮುಂದ ನಾವೇ ಬೆಂಕಿ ಹಚ್ಚೂದಾ? ಹಪ್ಪಳದ ಮಾತು ಕೇಳಿ?" ಎಂದರು ಕಾಕಾ.

"ಹಚ್ಚರಿ," ಎಂದಳು ಮೌಶಿ. "ಹುಡುಗಿ ಸುಳ್ಳು ಹೇಳ್ಯಾಳು. ನನ್ನ ಹಪ್ಪಳ ಸುಳ್ಳು ಹೇಳೂದಿಲ್ಲ."

ನಾಲ್ಕೈದು ಜನರನ್ನು ಬಣವೆಯ ಕಡೆ ಕಳಿಸಿ, ಉಳಿದವರು ಬದುವಿನುದ್ದಕ್ಕೂ ಹುಲ್ಲಿಗೆ ಕಿಡಿ ಮುಟ್ಟಿಸಿದರು. ಮಾವಿನ ಕಡೆ ಸರಿದ ಉರಿಯನ್ನು ಟೊಂಗೆಯಿಂದ ಬಡಿದರು. ಮೌಶಿ ಕೊಡದ ಮೇಲೆ ಕೊಡ ನೀರು ಸುರಿದಳು. ಬದು ಪೂರಾ ಕಪ್ಪಾಗುವುದಕ್ಕೂ ಮಂದಾಕಿನಿಯ ಸೆರಗು ಹಿಂದಕ್ಕೆ ಹಾರುವುದಕ್ಕೂ ಸರಿಹೋಯಿತು. ಗಾಳಿ ತಿರುಗಿತ್ತು. ಬಣವೆಯನ್ನು ಬಿಟ್ಟ ಬೆಂಕಿ ಆಳೆತ್ತರ ಎದ್ದು ಮನೆಯತ್ತ ನುಗ್ಗಿತು. ಕಪ್ಪು ಬದುವಿನ ತನಕ ಬಂದು, ತಿನ್ನಲು ಏನೂ ಕಾಣದೆ, ಅಲ್ಲಿಯೇ ಕುಗ್ಗಿ ಕೂತಿತು. ಮೊದಲ ಸಾಲಿನ ಎರಡು ಮಾವಿನ ಮರಗಳ ಎಲೆ ಬಾಡಿದ್ದು ಬಿಟ್ಟರೆ ಎಲ್ಲವೂ ಉಳಿಯಿತು.

ಗುಲಬರ್ಗಾದಿಂದ ಬೆಂಕಿ ಆರಿಸುವ ಗಾಡಿ ಬಂದದ್ದು ಐದೂವರೆಗೆ. ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಮೌಶಿ ಹಪ್ಪಳ ಸುಟ್ಟು ಕೊಟ್ಟಳು. ಗಾಡಿ ತುಂಬ ನೀರು ತಂದವರೇ ಎರಡೆರಡು ಸಲ ಕುಡಿಯಲು ನೀರು ಕೇಳಿದರು.

ಅವರು ಹೋದ ಮೇಲೆ ಮೌಶಿ ಮಂದಾಕಿನಿಯ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಳು. ಮುಖಕ್ಕೆಲ್ಲ ಮಸಿ.

"ಅಂದ್ರ ನಮ್ಮ ಅತ್ತಿಯವರು ಬಂದೇ ಇಲ್ಲ?"

ಮಂದಾಕಿನಿ ಇಲ್ಲವೆಂದು ತಲೆಯಾಡಿಸಿದಳು.

"ಹೋಗಲಿ ಬಿಡು. ಬ್ಯಾರೆ ಕಾಗಿ?"

ಮತ್ತೆ ತಲೆಯಾಡಿಸಿದಳು.

"ಹದಿನೈದು ದಿನದಾಗ ಒಂದೂ ಬಂದಿಲ್ಲ?"

"ಒಂದು ಬಂದಿತ್ತು," ಎಂದಳು ಮಂದಾಕಿನಿ, ನೆಲ ನೋಡುತ್ತ.

"ಹೂಂ? ಮತ್ತ?"

"ಒಂದು ಚೂರು ಕಚ್ಚಿ, ಬಿಟ್ಟು ಹೋತು."

"ಅಯ್ಯ! ಯಾಕ?"

ಕಾಕಾ ನೀರಿನ ಲೋಟ ಬಾಯಿಯ ಹತ್ತಿರ ಹಿಡಿದುಕೊಂಡೇ ನಿಂತರು. ಮಲ್ಲಣ್ಣ ಟೊಂಗೆ ಎತ್ತಿಕೊಂಡು, ಎಂದೋ ಆರಿದ್ದ ಬೂದಿಯನ್ನು ಬಡಿಯತೊಡಗಿದ. ಮಂದಾಕಿನಿ ಡೈರಿ ಎಲ್ಲಿದೆಯೆಂದು ಸುತ್ತ ನೋಡಿದಳು. ಅದು ಕಾಕಾನ ಕಂಕುಳಲ್ಲಿತ್ತು. ತಲೆ ಎತ್ತಿ, ಮೂವರಿಗೂ ಕೇಳುವಂತೆ ಹೇಳಿದಳು:

"ಉಪ್ಪು ಭಾಳ ಆಗ್ಯದ, ಮೌಶಿ."