ಕೂಡಿಕೊಳ್ಳುವ ಬಂಡೆಯೊಳಗೆ ಮೊದಲ ರೈಲು

ರಾಜಧಾನಿಯ ಕೆಳಗಿನ ಬಂಡೆ, ಗಾಯ ಮಾಯುವಂತೆ, ದಿನಕ್ಕೊಂದು ಬೆರಳಿನಷ್ಟು ಕೂಡಿಕೊಳ್ಳುತ್ತಿತ್ತು. ಮುನಿರತ್ನಮ್ಮನ ತಂಡದ ಹೆಂಗಸರು ಪ್ರತಿ ಬೆಳಗ್ಗೆ ಮೆಟ್ರೋ ಸುರಂಗದ ಗೋಡೆಯನ್ನು ಉಳಿಯಿಂದ ಕೆತ್ತಿ ಬರುತ್ತಿದ್ದರು.

ಮೊದಲ ಮೆಟ್ರೋ ಹೊರಡುವ ದಿನ, ಪ್ರಯಾಣಿಕರೆಲ್ಲ ಹತ್ತಿ ಕೂತ ಮೇಲೆ, ತಿರುವಿನಲ್ಲಿ ಬಂಡೆ ಮತ್ತೆ ಉಬ್ಬಿದೆಯೆಂದು ಸುದ್ದಿ ಬಂತು.

"ದೊಡ್ಡ ಮಷೀನ್ ಇಳಿಸೋಣ," ಎಂದರು ಇಂಜಿನಿಯರ್ ದಿವಾಕರ್.

"ಬೇಡ ಸಾರ್," ಎಂದಳು ಮುನಿರತ್ನಮ್ಮ. "ಮಷೀನ್ ಏಟು ಬಿದ್ರೆ ಅದು ಇನ್ನೂ ಜೋರಾಗಿ ಬೆಳೀತದೆ. ಅರ್ಧ ಗಂಟೆ ಕೊಡಿ, ಕೈಯಲ್ಲೇ ತೆಗೀತೀವಿ."

"ಆಗ್ಲಿಲ್ಲ ಅಂದ್ರೆ? ಒಳಗೆ ಮುನ್ನೂರು ಜನ ಇದ್ದಾರಮ್ಮ."

"ಆಗ್ತದೆ ಸಾರ್. ಹನ್ನೊಂದು ವರ್ಷದಿಂದ ಈ ಕಲ್ಲಿನ ಜೊತೆ ಏಗಿದೀನಿ."

ಹೆಂಗಸರು ಸಣ್ಣ ಸಣ್ಣ ಏಟು ಹಾಕಿ, ಬಂಡೆಗೆ ನೋವಾಗದಂತೆ ಸಿಪ್ಪೆ ಸಿಪ್ಪೆಯಾಗಿ ಎಬ್ಬಿಸಿದರು. ಇಪ್ಪತ್ತಾರನೆಯ ನಿಮಿಷಕ್ಕೆ ಮುನಿರತ್ನಮ್ಮ ಅಳತೆಕೋಲು ಹಿಡಿದು ನೋಡಿ, ಎಲ್ಲರನ್ನೂ ಪಕ್ಕದ ಗೋಡೆಯಲ್ಲಿ ಕೊರೆದ ಗೂಡಿಗೆ ಸರಿಸಿ, ಹಸಿರು ದೀಪ ಎತ್ತಿದಳು.

ರೈಲು ಗೋಡೆಗೆ ಒಂದಿಷ್ಟೂ ತಾಗದೆ ದಾಟಿಹೋಯಿತು. ಕಿಟಕಿಗಳಲ್ಲಿ ಜನ ಕೈಬೀಸುತ್ತಿದ್ದರು.

ನಿಲ್ದಾಣದಿಂದ ದಿವಾಕರ್ ಫೋನ್ ಮಾಡಿದರು. "ಮುಂದಿನ ರೈಲಲ್ಲಿ ನೀವೆಲ್ಲ ಬರ್ಬೇಕಮ್ಮ."

"ಬರ್ತೀವಿ ಸಾರ್. ಸೀಟು ಹಿಡಿದಿಡಿ, ಇಷ್ಟು ವರ್ಷ ನಿಂತು ನಿಂತು ಸಾಕಾಗಿದೆ."