ಕಳುವಾದ ಕೋಟು

ಹೊಗೆ ಚಿಮಣಿಗೆ ಏರದೆ ಕೋಣೆಗೇ ನುಗ್ಗಿತು. ಅವಳು ಮಗುವನ್ನು ಬಾಚಿಕೊಂಡು ಕಿಟಕಿಗೆ ಓಡಿದಳು. ಗಂಡ ಬೆಂಕಿಗೆ ನೀರು ಸುರಿದು, ಚಿಮಣಿಯೊಳಗೆ ಕೋಲು ತೂರಿಸಿ ಜಗ್ಗಿದ. ಮಸಿಯ ಜೊತೆ ಬಟ್ಟೆಯ ಗಂಟೊಂದು ದೊಪ್ಪನೆ ಬಿತ್ತು.

ಬಿಡಿಸಿದರೆ, ಅವನದೇ ಮದುವೆಯ ಕೋಟು! ಬೇಸಿಗೆಯಲ್ಲಿ ಅದು ಕಾಣೆಯಾದಾಗ, ಮನೆಗೆ ಬಂದಿದ್ದ ಅವಳ ಅಣ್ಣನನ್ನೇ ಕಳ್ಳನೆಂದು ಬೈದು ಆಚೆಗಟ್ಟಿದ್ದ.

"ಪಾರಿವಾಳ ನುಗ್ಗುತ್ತೆ ಅಂತ ನಾನೇ ತುರುಕಿದ್ದೆ ಕಣೋ. ಹಳೇ ಬಟ್ಟೆ ಅಂದ್ಕೊಂಡೆ," ಎಂದರು ಅತ್ತೆ, ತಲೆ ಎತ್ತದೆ. "ಆ ರಂಪ ಆದ್ಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

ಅವನು ಕೋಟನ್ನು ಮುದುರಿ ಕಸದ ಬುಟ್ಟಿಯತ್ತ ಹೊರಟ. ಅವಳು ಮಗುವನ್ನೆತ್ತಿಕೊಂಡೇ ಅಡ್ಡ ನಿಂತಳು.

"ಎಸೀಬೇಡಿ. ಹಾಕ್ಕೊಳ್ಳಿ. ಹಾಗೇ ಅಣ್ಣನ ಮನೆಗೆ ನಡೀರಿ."