ಕದ್ದ ಯಂತ್ರದ ಮೂರು ಸೀಟು

ಶತ್ರುವಿನ ಯುದ್ಧಯಂತ್ರ ಕದಿಯುವುದು ಹೇಗೆ ಅಂತ ಸಿಂಧೂರ ಕೇಳಿದಾಗ ಮಲಕಪ್ಪ ನಗಲಿಲ್ಲ. ವಾಕಡದಲ್ಲಿ ಅವಳಿರುವ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟು ಕಾಯಲು ಬರುವ ಮೊದಲು ಅವರು ಇಪ್ಪತ್ತೆರಡು ವರ್ಷ ಮಿಲಿಟರಿಯಲ್ಲಿ ಟ್ಯಾಂಕ್ ಓಡಿಸಿದವರು.

ಸಿಂಧೂರ ಬಿಡಿಸುತ್ತಿದ್ದದ್ದು ದೈತ್ಯ ರೋಬೋಗಳ ಚಿತ್ರಕಥೆ. ಅವಳು ನೋಡಿ ಬೆಳೆದ ಜಪಾನಿ ಕಾರ್ಟೂನುಗಳಲ್ಲಿ ಯಾರೋ ಒಬ್ಬರು ಶತ್ರುವಿನ ಪಾಳೆಯಕ್ಕೆ ನುಗ್ಗಿ, ಬೆಟ್ಟದಂಥ ಯಂತ್ರದ ಎದೆಯೊಳಗೆ ಹತ್ತಿ ಕೂತರೆ ಸಾಕು, ಅದು ಅವರ ಮಾತು ಕೇಳುತ್ತಿತ್ತು. ಅವಳ ನಾಯಕಿಯೂ ಹಾಗೇ ಕೂತಿದ್ದಳು. ಎಷ್ಟು ಸಲ ತಿದ್ದಿದರೂ ಆ ಪುಟ ಮಾತ್ರ ಸುಳ್ಳೆನಿಸುತ್ತಿತ್ತು.

"ಒಬ್ಬರಿಂದ ಆಗೂದಿಲ್ರಿ," ಅಂದರು ಮಲಕಪ್ಪ. "ಕದ್ದರೂ ಮೂರು ಮಂದಿ ಬೇಕು."

ಓಡಿಸುವವನಿಗೆ ಕಣ್ಣೆದುರಿನ ಸಣ್ಣ ಸೀಳು ಬಿಟ್ಟರೆ ಏನೂ ಕಾಣುವುದಿಲ್ಲ. ಹಿಂದಿರುವವರು ಹೆಲ್ಮೆಟ್ಟಿನ ಫೋನಿನಲ್ಲಿ ಕಿವಿಗೆ ಹೇಳಿದಂತೆ ತಿರುಗಿಸಬೇಕು ಅಂತ ವಿವರಿಸಿದರು. ಒಮ್ಮೆ ಮರಳುಗಾಡಿನ ತಾಲೀಮಿನಲ್ಲಿ ತಮ್ಮ ಹೆಲ್ಮೆಟ್ಟಿನ ವೈರು ಕಿತ್ತುಹೋಗಿ ಹತ್ತು ನಿಮಿಷ ಏನೂ ಕೇಳಿಸಲಿಲ್ಲವಂತೆ. ಇಬ್ಬರೂ ಬೆನ್ನ ಹಿಂದೆಯೇ ಇದ್ದರು. ಆದರೂ ಭೂಮಿಯ ಮೇಲೆ ತಾನೊಬ್ಬನೇ ಉಳಿದಂತಾಗಿ ಅತ್ತುಬಿಟ್ಟಿದ್ದರಂತೆ.

ಅದನ್ನು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಮೈಸೂರಿನಿಂದ ಬಂದು ಎರಡು ವರ್ಷ, ಕೆಲಸವೆಲ್ಲ ಮನೆಯಿಂದಲೇ. ಮೀಟಿಂಗಿನಲ್ಲಿ ಯಾರೂ ಕ್ಯಾಮೆರಾ ಹಾಕುವುದಿಲ್ಲ. ಎಷ್ಟೋ ದಿನ, ಲಿಫ್ಟಿನಲ್ಲಿ ಸಿಕ್ಕವರನ್ನು ಎಷ್ಟನೇ ಮಹಡಿ ಅಂತ ಮರಾಠಿಯಲ್ಲಿ ಕೇಳುವುದೇ ಅವಳು ಮುಖ ನೋಡಿ ಆಡುವ ಒಂದೇ ಮಾತು.

ಭಾನುವಾರ ಮಧ್ಯಾಹ್ನ ಹೊಸ ಪುಟ ತಂದು ತೋರಿಸಿದಳು. ಯಂತ್ರದೊಳಗೆ ಮೂರು ಸೀಟು. ಮುಂದೆ ನಾಯಕಿ. ಹಿಂದಿನ ಇಬ್ಬರಿಗೆ ಮೈಯಿತ್ತು, ಮುಖವಿರಲಿಲ್ಲ.

"ಇವರ‍್ಯಾರ‍್ರಿ?"

"ಯಾರ ಮುಖ ಹಾಕ್ಬೇಕೋ ಹೊಳೀಲಿಲ್ಲ," ಅಂದಳು. "ನಿಮ್ಮ ಜೊತೆಯವರು ಹೇಗಿದ್ರು ಹೇಳಿ. ಅವರನ್ನೇ ಕೂರಿಸ್ತೀನಿ."

ಮಲಕಪ್ಪ ಹುರುಪಿನಿಂದ ಕುರ್ಚಿ ಎಳೆದುಕೊಂಡರು. ಒಬ್ಬ ಸಾತಾರದವನು, ಇನ್ನೊಬ್ಬ ಗಡವಾಲದವನು. "ಸಾತಾರದವನ ಮೂಗು..." ಅನ್ನುತ್ತ ತಡವರಿಸಿದರು. ಮೀಸೆ ಇತ್ತೇನೋ. ಇರಲಿಲ್ಲವೇನೋ. ಸಿಂಧೂರಳ ಪೆನ್ಸಿಲ್ ಹಾಳೆಯ ಮೇಲೆ ಕಾಯುತ್ತಿತ್ತು.

"ಮುಖ ನೆನಪಿಗೆ ಬರವಲ್ದು, ತಂಗಿ."

ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಆಮೇಲೆ ಅವಳು ಎಂದೂ ಕೇಳಿರದ, ಯಾರದೋ ಎಳೆಯ ದನಿಯಲ್ಲಿ ಹಿಂದಿಯಲ್ಲಿ ಅಂದರು: "ಮಲಕೂ, ಬಾಯೇಂ ಲೇ. ಆರಾಮ್ ಸೇ." ಎಡಕ್ಕೆ ತಗೋ, ನಿಧಾನಕ್ಕೆ ಅಂತ ಹಿಂದಿನ ಸೀಟಿನವನು ಕಿವಿಯಲ್ಲಿ ಹೇಳಿದಂತೆ.

ಅವರ ಎಡಗೈ ಇಲ್ಲದ ಲಿವರೊಂದನ್ನು ಮೆಲ್ಲಗೆ ಎಳೆಯಿತು. ಗೇಟಿನಾಚೆ ಕಾರೊಂದು ಹಾರನ್ ಹೊಡೆಯುತ್ತಲೇ ಇತ್ತು.